ಅಳಿಮಯ್ಯನ ಚಕ್ಕುಬಂದಿ

ಹುಳದ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ನಾನು ಸೇರಿ ಇಪ್ಪತ್ತಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಒಬ್ಬರಾದರೂ ಕಚೇರಿಯ ಮೆಟ್ಟಿಲು ಹತ್ತಿ ಬಂದು, ಚಿಕ್ಕಣ್ಣನವರೇ, ನಿಮ್ಮ ರಿಜಿಸ್ಟರು ಸರಿಯಾಗಿದೆ, ಎಂದು ಹೇಳಿದ್ದಿಲ್ಲ. ಬಂದವರೆಲ್ಲ ತಕರಾರು ಹೊತ್ತುಕೊಂಡೇ ಬಂದರು. ಅದರಲ್ಲೂ ಮುಂಗಾರು ಹಿಡಿದು ಗೂಡು ಒಡೆಯುವ ಆ ಹದಿನೈದು ದಿನ ತಲೆ ಚಿಟ್ಟು ಹಿಡಿದುಹೋಗುತ್ತದೆ. ತಲೆ ಚಿಟ್ಟು ಹಿಡಿಯುವುದು ಎನ್ನುವ ಮಾತು ನನ್ನಂಥ ಯಾವನೋ ಗುಮಾಸ್ತನನ್ನು ನೋಡಿಯೇ ಹುಟ್ಟಿರಬೇಕು.

ನಮ್ಮ ಊರಿನ ಹುಳ ಈ ಸೀಮೆಯದಲ್ಲ. ಮುತ್ತಾತಂದಿರ ಕಾಲದಲ್ಲಿ ಹಡಗಿನ ಕೆಲಸಕ್ಕೆ ಹೋದವರು ಆಫ್ರಿಕಾದ ಯಾವುದೋ ರೇವಿನಿಂದ ಕಾಲಿಗೆ ಕಟ್ಟಿ ಕುಣಿಯುವ ಗೆಜ್ಜೆ ತಂದರಂತೆ. ದೊಡ್ಡ ದೊಡ್ಡ ರೇಷ್ಮೆ ಗೂಡುಗಳ ಒಳಗಿನ ಹುಳ ತೆಗೆದು, ಹರಳು ತುಂಬಿ, ಪೋಣಿಸಿದ ಗೆಜ್ಜೆ. ಒಂದು ಸರಕ್ಕೆ ಮಾತ್ರ ಹುಳ ತೆಗೆದು ಹರಳು ತುಂಬುವುದನ್ನು ಯಾವನೋ ಮರೆತಿದ್ದ. ತಂದು ಗೂಟಕ್ಕೆ ನೇತುಹಾಕಿದರು. ಮಳೆ ಬಿದ್ದ ಸಂಜೆ ಗೆಜ್ಜೆ ಒಡೆದು ರೆಕ್ಕೆ ಈಚೆಗೆ ಬಂತು. ಎರಡು ಅಂಗೈ ಅಗಲ, ಇಟ್ಟಿಗೆ ಬಣ್ಣ, ನಾಲ್ಕು ರೆಕ್ಕೆಗೂ ಒಂದೊಂದು ಕಣ್ಣು, ಕಣ್ಣಿನ ನಡುವೆ ಕಾಗೆಬಂಗಾರದ ಹಾಗೆ ಆಚೆಯದು ಕಾಣುವ ಚೂರು. ಬಾಯಿ ಮಾತ್ರ ಇಲ್ಲ. ಮರಿಯಾಗಿದ್ದಾಗ ಎಲಚಿ ಗಿಡದ ಸೊಪ್ಪು ತಿಂದದ್ದೇ ತಿಂದದ್ದು, ರೆಕ್ಕೆ ಬಂದಮೇಲೆ ತೊಟ್ಟು ನೀರೂ ಮುಟ್ಟುವುದಿಲ್ಲ. ಎಂಟು ಹತ್ತು ದಿನ ಗೋಡೆಗೆ ಕೂತು, ಮೊಟ್ಟೆ ಇಟ್ಟು, ಮುಗಿಯುತ್ತದೆ.

ಇಷ್ಟೇ ಆಗಿದ್ದರೆ ನನಗೆ ಕೆಲಸವಿರುತ್ತಿರಲಿಲ್ಲ. ಈ ಹುಳ ತನ್ನ ಹೆಸರು ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ಮಾತ್ರ ಹಾರುತ್ತದೆ. ನಮ್ಮ ಮೇಲಿನ ಕೇರಿಯವರು, ಊಟ ಬಿಟ್ಟು ಕೂರುತ್ತದೆಂದು, ಅದನ್ನು ಉಪಾಸಿ ಎನ್ನುತ್ತಾರೆ. ತೊರೆ ಕೇರಿಯವರಿಗೆ ಅದು ನಾಕ್ಗಣ್ಣಿ. ರೆಕ್ಕೆ ಮುಟ್ಟಿದರೆ ಕೈಗೆ ಹಿಟ್ಟು ಹತ್ತುತ್ತದೆಂದು ಗಾಣದ ಬೀದಿಯವರು ಹಿಟ್ಟಕ್ಕ ಎಂದರು. ಮೂರೂ ಒಂದೇ ಹುಳ, ಪಕ್ಕಪಕ್ಕದಲ್ಲಿ ಇಟ್ಟರೆ ಹೆತ್ತವಳಿಗೂ ಗುರುತು ಸಿಗುವುದಿಲ್ಲ. ಆದರೂ ಉಪಾಸಿ ನಮ್ಮ ಕೇರಿಯ ಚರಂಡಿ ಕಲ್ಲಿನವರೆಗೆ ಬಂದು ಹಿಂದಕ್ಕೆ ತಿರುಗುತ್ತದೆ. ಆಚೆಯಿಂದ ಬಂದ ನಾಕ್ಗಣ್ಣಿಯೂ ಅದೇ ಕಲ್ಲಿನಿಂದ ತನ್ನ ಕಡೆಗೆ ಹೊರಳುತ್ತದೆ.

ಜನ ಒಗ್ಗಿಕೊಂಡಿದ್ದಾರೆ. ಬೇರೆ ಕೇರಿಗೆ ಹೋದವರು ಹೆಸರೆತ್ತದೆ ‘ಅದು’ ಎನ್ನುತ್ತಾರೆ. ಶಾಲೆಯಲ್ಲಿ ಮೂರು ಕೇರಿಯ ಮಕ್ಕಳೂ ಕೂರುವುದರಿಂದ ಪಾಠದಲ್ಲೂ ‘ಅದು’ ಎಂದೇ ಇದೆ. ಅದಕ್ಕೆ ಆರು ಕಾಲು, ಅದಕ್ಕೆ ಬಾಯಿ ಇಲ್ಲ ಎಂದು ಮೇಷ್ಟರು ಬಾಯಿಪಾಠ ಮಾಡಿಸುತ್ತಾರೆ. ಸೊಸೆಯಾಗಿ ಹೋದವಳು ತವರಿನ ಹೆಸರನ್ನು ಬಿಟ್ಟು ಹೋಗಬೇಕು. ಬಿಟ್ಟರೆ ಸರಿ. ಗಾಣದ ಬೀದಿಯ ಒಬ್ಬಳು ಗಂಡನ ಮೇಲಿನ ಸಿಟ್ಟಿಗೆ ತೊರೆ ಕೇರಿಯ ಅಡುಗೆಮನೆಯಲ್ಲಿ ಕೂತು ಮಧ್ಯಾಹ್ನವೆಲ್ಲ ಹಿಟ್ಟಕ್ಕ ಹಿಟ್ಟಕ್ಕ ಎಂದಳು. ಸಂಜೆಗೆ ಮನೆ ತುಂಬ ಹಿಟ್ಟಕ್ಕ, ಸಾರಿನ ಪಾತ್ರೆಯ ಮೇಲೂ ಹಿಟ್ಟಕ್ಕ. ಅವಳ ಅತ್ತೆ ನನ್ನನ್ನು ಕರೆಸಿದರು. ನಾನು ರಿಜಿಸ್ಟರು ಹೊತ್ತು ಹೋಗಿ, ಆ ಮನೆಯ ನಾಲ್ಕು ದಿಕ್ಕಿನ ಎಲ್ಲೆ ಕಟ್ಟಿ ಚಕ್ಕುಬಂದಿ ಬರೆದು, ನಕ್ಷೆಯಲ್ಲಿ ಅಷ್ಟು ಜಾಗಕ್ಕೆ ಬಣ್ಣ ಬದಲಿಸಿ ಬಂದೆ. ಮಾರನೆಯ ದಿನ ಗಂಡ ಹೆಂಡತಿ ರಾಜಿಯಾದರು. ಮತ್ತೆ ರಬ್ಬರು ಹಿಡಿದು ಹೊರಟೆ. ನಮ್ಮ ಊರಿಗೆ ಇಂದಿಗೂ ಮುಗಿದ ನಕ್ಷೆ ಅಂತ ಒಂದಿಲ್ಲದಿರುವುದು ಇದಕ್ಕೇ.

ರಿಜಿಸ್ಟರಿಗೆ ಮರ್ಯಾದೆ ಸಿಗುವುದು ಮದುವೆಯಲ್ಲಿ ಮಾತ್ರ. ಗೂಡು ಒಡೆಯುವ ದಿನಗಳಲ್ಲೇ ನಮ್ಮಲ್ಲಿ ಮದುವೆ. ದೀಪ ಹಚ್ಚುವ ಹೊತ್ತಿಗೆ ಹುಡುಗಿ ಚಪ್ಪರದ ಕೆಳಗೆ ನಿಂತು ತವರಿನ ಹುಳವನ್ನು ಅದರ ಹೆಸರಿನಿಂದ ಮೂರು ಸಲ ಕರೆಯಬೇಕು. ಅದು ಬಂದು ಅವಳ ಮೈಮೇಲೆ ಕೂರಬೇಕು. ಅಲ್ಲಿಗೆ ಅವಳು ಆ ಹೆಸರನ್ನು ಬಿಟ್ಟಳು, ಇನ್ನು ಗಂಡನ ಮನೆಯ ಹೆಸರು. ಹುಳ ಕೂರದಿದ್ದರೆ ತಾಳಿ ಕಟ್ಟುವ ಹಾಗಿಲ್ಲ. ಕರೆಯುವ ಹೆಸರು ರಿಜಿಸ್ಟರಿನಲ್ಲಿ ಇರಬೇಕು, ಅದನ್ನು ಮೊದಲು ನಾನು ಓದಬೇಕು. ಈ ವಿಷಯದಲ್ಲಿ ನಾನು ಒಂದಕ್ಷರಕ್ಕೂ ಬಿಟ್ಟುಕೊಟ್ಟವನಲ್ಲ. ತೊರೆ ಕೇರಿಯ ಗವಿರಂಗಯ್ಯನ ತಂಗಿ ತನ್ನ ಮದುವೆಯಲ್ಲಿ ನಾಕ್ಗಣ್ಣಿ ಎನ್ನುವ ಬದಲು ನಾಕಣ್ಣಿ ಎಂದಳು. ಹುಳವೇನೋ ಬಂದು ಕೂತಿತ್ತು. ಬುಕ್ಕಿನಲ್ಲಿ ‘ಗ’ ಇದೆ, ಹುಡುಗಿ ಬಾಯಲ್ಲಿ ಬರಲಿಲ್ಲ ಎಂದು ನಾನು ರುಜು ಹಾಕಲಿಲ್ಲ. ಆ ಮದುವೆ ಮರುವರ್ಷ ಆಯಿತು. ಗವಿರಂಗಯ್ಯ ಆ ಹೊತ್ತಿನಲ್ಲಿ ಒಂದು ಮಾತೂ ಆಡಲಿಲ್ಲ. ಹದಿನಾರು ವರ್ಷದ ಮೇಲೆ ಅದೇ ಗವಿರಂಗಯ್ಯನ ಮಗನಿಗೆ ನನ್ನ ಮಗಳು ವನಜ ಒಪ್ಪಿಗೆಯಾದಳು.

ಇನ್ನು ನನ್ನ ಮನೆಯೊಳಗಿನ ತಾಪತ್ರಯ. ನಮ್ಮ ಊರಿನಲ್ಲಿ ಅತ್ತೆ ಅಳಿಯ ಎದುರುಬದುರು ಮಾತನಾಡುವಂತಿಲ್ಲ. ಅತ್ತೆಯಾದವರು ಬಾಗಿಲ ಹಿಂದೆ ನಿಲ್ಲಬೇಕು, ಹೇಳುವುದನ್ನು ಮಗಳಿಂದ ಹೇಳಿಸಬೇಕು. ನನ್ನ ಮದುವೆಯಾದ ಮರುವರ್ಷ ಮಾವ ತೀರಿಕೊಂಡು ಅತ್ತೆ ಮುದ್ದೀರಮ್ಮನವರು ನಮ್ಮ ಮನೆಗೆ ಬಂದರು, ಹಿತ್ತಿಲ ಕೋಣೆಯಲ್ಲಿ ಇದ್ದರು. ಇಪ್ಪತ್ತಮೂರು ವರ್ಷ ನಾವಿಬ್ಬರೂ ಒಂದೇ ಬಾವಿಯ ನೀರು ಕುಡಿದು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರಲಿಲ್ಲ. ಅದು ಬಿಡಿ, ಎಲ್ಲ ಮನೆಯಲ್ಲೂ ಇರುವುದೇ.

ಅವರು ಬಂದ ಮೊದಲ ಮುಂಗಾರಿನಲ್ಲಿ ಒಂದು ಸಂಜೆ ನಾನು ಮೂರು ಕೇರಿ ಸುತ್ತಿ, ಸಾಕಾಗಿ ಬಂದು ಜಗಲಿಯ ಮೇಲೆ ಕೂತಿದ್ದೆ. ಹಿತ್ತಿಲಿನಿಂದ ಮಾತು ಕೇಳಿಸಿತು.

“ಬಂದ್ಯಾ ಅಳಿಮಯ್ಯ? ಬಂದು ಸುಮ್ನೆ ಕುಂತ್ಕಂಡ್ಯಾ? ದಿನಾ ಹಿಂಗೇ ಬಾಯಿ ಮುಚ್ಕಂಡು ಬಂದು ಕುಂತ್ಕಳದಾ?”

ಮೈ ಉರಿದುಹೋಯಿತು. ಎದ್ದು ಹೋಗಿ ಬಗ್ಗಿ ನೋಡಿದರೆ ಅತ್ತೆ ಬಾವಿಕಟ್ಟೆಯ ಹತ್ತಿರ ಆಚೆ ಮುಖ ಮಾಡಿ ನಿಂತಿದ್ದಾರೆ, ಗೋಡೆಯ ಮೇಲೆ ಒಂದು ಉಪಾಸಿ ಕೂತಿದೆ. ಅದಕ್ಕೆ ಅವರು ಅಳಿಮಯ್ಯ ಎಂದು ಹೆಸರಿಟ್ಟಿದ್ದರು. ನಾನು ಹೆಂಡತಿ ಶಿವಗಂಗೆಯನ್ನು ಕರೆದು, ಈ ಕೇರಿಯಲ್ಲಿ ಅದರ ಹೆಸರು ಉಪಾಸಿ ಎಂದು ನಿಮ್ಮವ್ವನಿಗೆ ಹೇಳು ಎಂದೆ. ಅವಳು ಹೋಗಿ ಬಂದು, “ಹೇಳ್ದೆ, ಆಯ್ತು ಅಂತು” ಎಂದಳು. ಮಾರನೆಯ ಸಂಜೆ ಅದೇ ಅಳಿಮಯ್ಯ. ಪಕ್ಕದ ಮನೆಯವರಿಗೂ ಕೇಳಿಸಿತು. ಒಂದು ವಾರದಲ್ಲಿ ಕೇರಿಯವರೆಲ್ಲ, ಏನ್ ಚಿಕ್ಕಣ್ಣ, ಹಿತ್ತಲ ಗೋಡೆಗೆ ಕುಂತಿದ್ರಂತೆ, ಎಂದು ವಿಚಾರಿಸತೊಡಗಿದರು. ವರ್ಷ ವರ್ಷವೂ ಗೂಡು ಒಡೆದ ಕೂಡಲೇ ನಮ್ಮ ಹಿತ್ತಿಲಿಗೆ ಎಂಟೋ ಹತ್ತೋ ಅಳಿಮಯ್ಯಗಳು ಬಂದು ಕೂರುತ್ತಿದ್ದವು. ಕೇರಿಯ ಉಪಾಸಿ ನಮ್ಮ ಬಾವಿಕಟ್ಟೆಯ ಈಚೆ ಬರುವುದನ್ನೇ ನಿಲ್ಲಿಸಿತು. ಊರಿನ ಹೆಸರೆಲ್ಲ ಬರೆಯುವ ಗುಮಾಸ್ತನ ಮನೆಯಲ್ಲೇ ರಿಜಿಸ್ಟರಿನಲ್ಲಿ ಇಲ್ಲದ ಹೆಸರು. ನಾನು ಬರೆದುಕೊಳ್ಳಲಿಲ್ಲ. ಬರೆಯುವುದಿಲ್ಲ ಎಂದು ಹಟ ಹಿಡಿದೆ. ವನಜ ಐದು ವರ್ಷದವಳಿದ್ದಾಗ ಒಮ್ಮೆ ಅಜ್ಜಿಯ ಹಾಗೆ ಅಳಿಮಯ್ಯ ಎಂದಳು. ಆ ಮಾತು ಇನ್ನೊಂದು ಸಲ ಬಾಯಲ್ಲಿ ಬಂದರೆ ನೋಡು ಎಂದು ಗದರಿಸಿದೆ. ಮತ್ತೆ ಅವಳು ಅನ್ನಲಿಲ್ಲ.

ಈ ವರ್ಷ ವನಜಳ ಮದುವೆಗೆ ಆರು ದಿನ ಇರುವಾಗ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದರು. ಡಾಕ್ಟರ್ ಅನಂತಶಯನ ಎಂದು ಹೆಸರು, ಪತಂಗಗಳ ಮೇಲೆ ಓದಿಕೊಂಡವರು. ಒಂದು ಜೀವಿಗೆ ಒಂದೇ ಹೆಸರು ಇರತಕ್ಕದ್ದು, ಮಿಕ್ಕವನ್ನು ರದ್ದು ಮಾಡತಕ್ಕದ್ದು ಎಂಬ ಆದೇಶ ಅವರ ಚೀಲದಲ್ಲಿತ್ತು. ಆಫ್ರಿಕಾದ ನಕ್ಷೆಯೂ ಇತ್ತು. ನನ್ನ ಮೇಜಿನ ಮೇಲೆ ಹರಡಿದರು. ಪಡುವಣ ಕರಾವಳಿಯಿಂದ ಮೂಡಣ ಕರಾವಳಿಯವರೆಗೆ ಒಂದೇ ಹಸಿರು ಬಣ್ಣ, ಎಲ್ಲೂ ರಬ್ಬರು ಹಾಕಿದ ಗುರುತಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

“ಇದು ಇದರ ವ್ಯಾಪ್ತಿ,” ಎಂದರು.

“ಇದರಲ್ಲಿ ನಮ್ಮ ಊರು ಎಲ್ಲಿ ಬರುತ್ತೆ ಸಾರ್?”

“ನಿಮ್ಮ ಊರು ಬರುವುದಿಲ್ಲ.”

“ಹುಳ ಇಲ್ಲೇ ಗೋಡೆ ಮೇಲಿದೆಯಲ್ಲ ಸಾರ್.”

ಅವರು ತಿರುಗಿ ಗೋಡೆ ನೋಡಿದರು. “ಇರಬಹುದು. ವ್ಯಾಪ್ತಿಯಲ್ಲಿ ಇಲ್ಲ,” ಎಂದರು.

ಆಮೇಲೆ ನನ್ನ ರಿಜಿಸ್ಟರು ತೆಗೆದು ಪುಟ ಪುಟವೂ ನೋಡಿದರು. ನೋಡಿ, ಇಷ್ಟು ಒಳ್ಳೆಯ ಕೈಬರಹವನ್ನು ತಾವು ಯಾವ ಕಚೇರಿಯಲ್ಲೂ ಕಂಡಿಲ್ಲ ಎಂದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಒಳ್ಳೆಯ ಮಾತು. ಉಬ್ಬಿಹೋದೆ. ಉಬ್ಬಿದ ತಲೆಗೆ, ಈ ಊರಿನಲ್ಲಿ ಒಂದು ಹೆಸರು ಹಾಕಿದರೆ ಏನಾಗುತ್ತದೆ ಎನ್ನುವುದು ಹೊಳೆಯಲೇ ಇಲ್ಲ, ಅದೂ ಎಲ್ಲರಿಗಿಂತ ಮೊದಲು ಹೊಳೆಯಬೇಕಾದವನಿಗೆ. ಸಂಜೆ ಪೇಟೆ ಚೌಕದಲ್ಲಿ ಮೈಕು ಕಟ್ಟಿಸಿದೆ. ಜನ ಸೇರಿದರು. ರಿಜಿಸ್ಟರನ್ನು ಬಿಚ್ಚಿ ಅನಂತಶಯನರ ಮುಂದೆ ಹಿಡಿದು ನಿಂತವನೂ ನಾನೇ.

“ಮೇಲಿನ ಕೇರಿಯ ಉಪಾಸಿ, ಇನ್ನು ಮುಂದೆ,” ಎಂದು ಓದಿ, ಯಾರೂ ಆಡದ ಯಾವುದೋ ಹಳೆಯ ಭಾಷೆಯ ಎರಡು ಪದದ ಒಂದು ಹೆಸರು ಹೇಳಿದರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯದಿರುವುದಕ್ಕೆ ಕಾರಣ ನಿಮಗೇ ತಿಳಿಯುತ್ತದೆ. ಮೇಲಿನ ಕೇರಿಯ ಕಡೆಯಿಂದ ನೂರಾರು ಮೊರದಲ್ಲಿ ಒಟ್ಟಿಗೇ ಕೇರಿದ ಸದ್ದು ಬಂತು. ನಮ್ಮ ಕೇರಿಯ ಉಪಾಸಿಗಳೆಲ್ಲ ಗೋಡೆ ಬಿಟ್ಟು ಎದ್ದು, ಇಷ್ಟು ವರ್ಷ ದಾಟದ ಚರಂಡಿ ಕಲ್ಲು ದಾಟಿ, ನಮ್ಮ ತಲೆಯ ಮೇಲಿಂದ ಸಮುದ್ರದ ದಿಕ್ಕಿಗೆ ಹೋದವು. ಆ ಹೊಸ ಹೆಸರು ನಡೆಯುವುದು ಆಫ್ರಿಕಾದ ನಕ್ಷೆಯ ಹಸಿರು ಬಣ್ಣದಲ್ಲಿ. ನಮ್ಮ ಊರು ಅದರಲ್ಲಿ ಇಲ್ಲ. ಅವು ಇಲ್ಲಿ ಹೇಗೆ ಇದ್ದಾವು?

“ಸಾರ್, ನಿಲ್ಲಿಸಿ ಸಾರ್,” ಎಂದೆ.

ಅವರು ಮೈಕಿಗೆ ಕೈ ಅಡ್ಡ ಹಿಡಿದು, “ಇನ್ನು ಎರಡೇ ಇದೆ,” ಎಂದರು. ನಾನು ರಿಜಿಸ್ಟರು ಮುಚ್ಚುವಷ್ಟರಲ್ಲಿ ಆ ಎರಡನ್ನೂ ಓದಿ ಮುಗಿಸಿದ್ದರು. ನಾಕ್ಗಣ್ಣಿ ಹೋಯಿತು. ಹಿಟ್ಟಕ್ಕ ಹೋಯಿತು. ಮಾರನೆಯ ಬೆಳಿಗ್ಗೆ ಅನಂತಶಯನರು ಹೊರಡುವಾಗ ಖಾಲಿ ಗೋಡೆಗಳನ್ನು ನೋಡಿ, “ಈಗ ನೋಡಿ, ನಕ್ಷೆ ಸರಿಯಾಯಿತು,” ಎಂದರು. ಅವರನ್ನು ಬಸ್ಸು ಹತ್ತಿಸಿ ಬಂದೆ. ಏನು ಹೇಳಲಿ? ನಮಸ್ಕಾರ ಎಂದು ಹೇಳಿ ಬಂದೆ.

ಆ ಹದಿನೈದು ದಿನಕ್ಕೆ ಗೊತ್ತಾಗಿ, ನಿಂತುಹೋಗುವಂತಾದ ಮದುವೆಗಳು ವನಜಳದೂ ಸೇರಿ ಏಳು. ಉಳಿದ ಆರು ಮನೆಯವರೂ ನನ್ನ ಬಾಗಿಲಿಗೆ ಬಂದರು. ಹಳೆಯ ಹೆಸರು ಹಿಡಿದು ಕೂಗಿ ನೋಡಿದರು, ಹೊಸ ಹೆಸರು ಹಿಡಿದು ಕೂಗಿ ನೋಡಿದರು, ಕೂಗಿ ಗಂಟಲು ಕಟ್ಟಿತೇ ಹೊರತು ಒಂದು ರೆಕ್ಕೆ ಕಾಣಲಿಲ್ಲ. ಕೊನೆಗೆ ಗವಿರಂಗಯ್ಯ ಬಂದ. ಬೈಯಲಿಲ್ಲ. ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ನಿಧಾನವಾಗಿ ಹೇಳಿದ.

“ನೋಡಿ ಚಿಕ್ಕಣ್ಣ, ನನ್ ತಂಗಿ ಒಂದ್ ವರ್ಷ ಕಾದ್ಲು. ಒಂದು ‘ಗ’ಕಾರಕ್ಕೆ. ಹೆಸರು ಬುಕ್ಕಿನಾಗೆ ಇರ್ಬೇಕು, ಹುಳ ಬಂದು ಕೂರ್ಬೇಕು. ಎರಡೂ ನೀವೇ ಹೇಳ್ಕೊಟ್ಟಿದ್ದು. ನನ್ ಮಗನ ಮದುವೇಲಿ ಎರಡೂ ಆಗ್ಬೇಕು. ಆಗ್ದಿದ್ರೆ ಹುಡುಗನಿಗೆ ಆಚೆ ಊರಿಂದ ಇನ್ನೊಂದು ಸಂಬಂಧ ಬಂದೈತೆ, ಅಲ್ಲಿ ಹುಳದ ರಗಳೆನೇ ಇಲ್ಲ.”

ಅವನು ಹೋದಮೇಲೆ ವನಜ ಒಳಗಿನಿಂದ ಬಂದಳು. ಅವಳು ಸುಲಭಕ್ಕೆ ಅಳುವವಳಲ್ಲ. ಬಂದು ಲೋಟ ಎತ್ತಿಕೊಂಡು, ತಲೆ ತಗ್ಗಿಸಿ, ಆ ಲೋಟವನ್ನೇ ನೋಡುತ್ತ ನಿಂತಳು. ಆ ಹುಡುಗನ ಮೇಲೆ ಅವಳು ಎಷ್ಟು ಆಸೆ ಇಟ್ಟಿದ್ದಾಳೆ ಎನ್ನುವುದು ನನಗೆ ಆಗ ತಿಳಿಯಿತು.

“ಹಿತ್ತಲಾಗೆ ಒಂಬತ್ತು ಕುಂತವೆ,” ಎಂದಳು ಶಿವಗಂಗೆ.

ಕೇಳಿಸದವನ ಹಾಗೆ ಇದ್ದೆ.

“ಎಣಿಸ್ಕಂಡು ಬಂದೀನಿ. ಒಂದೂ ಹೋಗಿಲ್ಲ. ಆ ಸಾಹೇಬ್ರು ಓದಿದ್ದು ನಿಮ್ ಬುಕ್ಕಿನಾಗೆ ಇದ್ದ ಹೆಸರ್ನ. ಇದು ಬುಕ್ಕಿನಾಗೆ ಇರ್ಲಿಲ್ವಲ್ಲ.”

“ಬುಕ್ಕಿನಲ್ಲಿ ಇಲ್ಲದ್ದನ್ನ ಮದುವೆಗೆ ಕರೆಯೋ ಹಾಗಿಲ್ಲ.”

“ಹಂಗಾದ್ರೆ ಬರೀರಿ. ಪೆನ್ನು ನಿಮ್ ಜೇಬ್ನಾಗೇ ಐತಲ್ಲ,” ಎಂದಳು. ವನಜ ಏನೂ ಹೇಳಲಿಲ್ಲ. ಹೇಳಿದ್ದರೆ ಬೈದು ತಪ್ಪಿಸಿಕೊಳ್ಳುತ್ತಿದ್ದೆ.

ಬರೆಯುವುದೇನು ಸುಮ್ಮನೆಯೇ? ಹೊಸ ಹೆಸರಿಗೆ ನಾಲ್ಕು ಕಲಮು ತುಂಬಬೇಕು: ಹೆಸರು, ಚಕ್ಕುಬಂದಿ, ಇಟ್ಟವರು, ಇಟ್ಟ ಕಾರಣ. ಇಟ್ಟವರ ಬಾಯಿಂದಲೇ ಕೇಳಿ ಬರೆಯಬೇಕೆಂಬ ನಿಯಮ ಮಾಡಿದ ಪುಣ್ಯಾತ್ಮನೂ ನಾನೇ. ಮಾರನೆಯ ಬೆಳಿಗ್ಗೆ ರಿಜಿಸ್ಟರು ತೊಡೆಯ ಮೇಲಿಟ್ಟುಕೊಂಡು ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೂತೆ, ಬಾಗಿಲಿಗೆ ಬೆನ್ನು ಮಾಡಿ. ಅತ್ತೆ ಬಾಗಿಲ ಹಿಂದೆ. ನಡುವೆ ಶಿವಗಂಗೆ. ನಾನು ಕೇಳಿದ್ದನ್ನು ಅವಳು ಅಲ್ಲಿಗೆ, ಅವರು ಹೇಳಿದ್ದನ್ನು ಇಲ್ಲಿಗೆ. ಎರಡು ಪ್ರಶ್ನೆ ಆಗುವಷ್ಟರಲ್ಲಿ ಅವಳಿಗೆ ರೇಗಿತು. “ಒಲೆ ಮೇಲೆ ಪಾಕ ಐತೆ. ನೀವಿಬ್ರೂ ಏನಾದ್ರೂ ಮಾಡ್ಕಳಿ,” ಎಂದು ಹೋದಳು.

ಗೋಡೆಯ ಮೇಲೆ ಒಂಬತ್ತು ಹುಳ ರೆಕ್ಕೆ ಹರಡಿ ಕೂತಿದ್ದವು. ಆಮೇಲೆ ಬಾಗಿಲ ಹಿಂದಿನಿಂದ ಅತ್ತೆ ಹುಳದ ಸಂಗಡ ಮಾತು ತೆಗೆದರು, ದಿನವೂ ಆಡುವ ಹಾಗೆಯೇ.

“ಅಳಿಮಯ್ಯ, ಕೇಳ್ಕಳಪ್ಪ. ಮೂಡ್ಲಾಗೆ ಬಾವಿಕಟ್ಟೆ. ಪಡುವಕ್ಕೆ ಕರಿಬೇವಿನ ಗಿಡ. ಬಡಗಲಾಗೆ ಒಗೆಯೋ ಕಲ್ಲು. ತೆಂಕ್ಲಾಗೆ ನಾನು ಮಲ್ಗೋ ಕೋಣೆ ಕಿಟಕಿ. ಅದ್ರಿಂದಾಚೆ ನಾನು ನಿನ್ನ ಹೆಸರು ಅಂದೋಳಲ್ಲ.”

ಬರೆದುಕೊಂಡೆ. ಇಷ್ಟು ಚೊಕ್ಕಟವಾದ ಚಕ್ಕುಬಂದಿಯನ್ನು ಯಾರೂ ನನಗೆ ಹೇಳಿರಲಿಲ್ಲ. ಕಾರಣದ ಕಲಮು ಉಳಿಯಿತು. ನಾನೂ ಗೋಡೆಯ ಕಡೆ ಮುಖ ಮಾಡಿ, ಹುಳಕ್ಕೇ ಹೇಳಿದೆ: “ಕಾರಣ ಬರೀಬೇಕು. ಖಾಲಿ ಬಿಡೋ ಹಾಗಿಲ್ಲ.”

“ಕಾರಣ ಏನೈತಪ್ಪ ಅಳಿಮಯ್ಯ,” ಎಂದರು. “ನಂಗೆ ಗಂಡುಮಕ್ಕಳಿಲ್ಲ. ಮಗಳ ಮನೆಗೆ ಬಂದೆ. ತಂದು ಹಾಕೋರ ಹತ್ರ ಒಂದು ಮಾತಾಡೋ ಹಂಗಿಲ್ಲ. ಅವ್ರು ಬಿಸಿಲಾಗೆ ಊರೆಲ್ಲ ಸುತ್ತಿ, ಎಲ್ರ ಕೈಲೂ ಬೈಸ್ಕಂಡು, ಮುಖ ಬಾಡಿಸ್ಕಂಡು ಬಂದು ಜಗಲಿ ಮೇಲೆ ಕುಂತ್ಕತಾರೆ. ಉಂಡ್ರಾ ಅಂತ ಕೇಳಾಣ ಅಂದ್ರೆ ನಡುವೆ ಬಾಗಿಲು. ಆವತ್ತು ನೀನು ಬಂದು ಗೋಡೆಗೆ ಕುಂತೆ. ನಿಂಗೂ ಬಾಯಿಲ್ಲ, ಅವ್ರೂ ನನ್ ಮುಂದೆ ಬಾಯಿ ಬಿಡೋ ಹಂಗಿಲ್ಲ. ನಿನ್ನನ್ನೇ ಕೇಳ್ದೆ. ಕೆಮ್ಮು ಹಿಡಿದಾಗ್ಲೂ ನಿಂಗೇ ಹೇಳಿದ್ದು, ಮೆಣಸಿನ ಕಷಾಯ ಕುಡಿ ಅಂತ. ಗಂಗ ಕೇಳಿಸ್ಕಂಡು ಕಾಸಿ ಕೊಟ್ಳು. ಬಿಸಿಲಾಗೆ ಹೋಗ್ಬ್ಯಾಡ ಅಂತಿದ್ದೆ. ನೀನೂ ಕೇಳ್ಲಿಲ್ಲ, ಅವ್ರೂ ಕೇಳ್ಲಿಲ್ಲ.”

ದಿನಾ ಹಿಂಗೇ ಬಾಯಿ ಮುಚ್ಕಂಡು ಬಂದು ಕುಂತ್ಕಳದಾ ಎಂದು ಇಪ್ಪತ್ತಮೂರು ವರ್ಷದ ಹಿಂದೆ ಕೇಳಿದ್ದು ಗೇಲಿ ಎಂದುಕೊಂಡು ಉರಿದವನು ನಾನು. ಆ ಕಷಾಯ ಕುಡಿದದ್ದು ನೆನಪಾಯಿತು. ಖಾರ ಹೆಚ್ಚಾಯಿತೆಂದು ಹೆಂಡತಿಗೆ ಬೈದಿದ್ದೆ. ನಾಚಿಕೆಯಾಯಿತು. ನನ್ನ ಮೇಲೆಯೇ ಸಿಟ್ಟು ಬಂತು, ಇದನ್ನೆಲ್ಲ ಒಂದೇ ಒಂದು ಸಲ ಬಾಗಿಲು ದಾಟಿ ಬಂದು ಹೇಳಬಾರದಿತ್ತೇ ಎಂದು ಅವರ ಮೇಲೂ ಬಂತು. ಕಾರಣದ ಕಲಮಿನಲ್ಲಿ ‘ಮಾತನಾಡುವುದಕ್ಕೆ’ ಎಂದು ಬರೆದೆ. ಅಕ್ಷರ ಸ್ವಲ್ಪ ಸೊಟ್ಟಗೆ ಬಂತು. ಅನಂತಶಯನರು ನೋಡಿದರೆ ಮೆಚ್ಚುವುದಿಲ್ಲ.

ಮದುವೆಯ ಸಂಜೆ ನಮ್ಮ ಮನೆಯ ಮುಂದಿನ ಚಪ್ಪರಕ್ಕೆ ಊರೇ ಬಂದಿತ್ತು. ಊಟಕ್ಕಿಂತ ಹೆಚ್ಚಾಗಿ, ಇವನ ಮಗಳಿಗೆ ಹುಳ ಎಲ್ಲಿಂದ ತರುತ್ತಾನೆ ನೋಡೋಣ ಎಂದು ಬಂದವರು. ದೀಪ ಹಚ್ಚಿದರು. ನಾನು ಎದ್ದು ರಿಜಿಸ್ಟರು ಬಿಚ್ಚಿ ಗಟ್ಟಿಯಾಗಿ ಓದಿದೆ: “ಮೇಲಿನ ಕೇರಿ. ಚಿಕ್ಕಣ್ಣನ ಮನೆಯ ಹಿತ್ತಿಲು. ಇಟ್ಟವರು ಮುದ್ದೀರಮ್ಮನವರು. ಹುಳದ ಹೆಸರು ಅಳಿಮಯ್ಯ.”

ಇಡೀ ಚಪ್ಪರ ನಕ್ಕಿತು. ನಗುವುದೆಂದರೆ ಅಂಥಿಂಥ ನಗುವಲ್ಲ, ವಾದ್ಯದವರೂ ವಾದ್ಯ ಕೆಳಗಿಟ್ಟು ನಕ್ಕರು. ಗವಿರಂಗಯ್ಯ ಮಾತ್ರ ನಗಲಿಲ್ಲ. ನಾನು ಕೂತೆ.

ವನಜ ದೀಪದ ಮುಂದೆ ನಿಂತು ಕರೆದಳು. “ಅಳಿಮಯ್ಯ, ಬಾ.” ನಗು ನಿಂತಿತು. ಎಲ್ಲರೂ ತಲೆಯೆತ್ತಿ ನೋಡಿದರು. ಏನೂ ಬರಲಿಲ್ಲ. ಎರಡನೆಯ ಸಲ ಕರೆದಳು. ಆಗ ನನಗೆ ಅರ್ಥವಾಯಿತು. ಹೆಸರು ಬಾವಿಕಟ್ಟೆಯಿಂದ ಕಿಟಕಿಯವರೆಗೆ ನಡೆಯುತ್ತದೆ, ಚಕ್ಕುಬಂದಿ ಬರೆದವನು ನಾನೇ. ಚಪ್ಪರ ಇರುವುದು ಮನೆಯ ಮುಂದೆ. ಇಲ್ಲಿ ಈ ಹೆಸರು ಯಾರೂ ಬಳಸಿದ್ದಿಲ್ಲ. ವನಜಳ ಬಾಯಿಗೂ ಬಳಕೆಯಿಲ್ಲ, ಐದು ವರ್ಷಕ್ಕೇ ಗದರಿಸಿ ಬಿಡಿಸಿದ್ದೆನಲ್ಲ. ಅವಳು ಮೂರನೆಯ ಸಲ ಕರೆದಳು. ದೀಪದ ಸುತ್ತ ಒಂದು ಸೊಳ್ಳೆಯೂ ಇಲ್ಲ. ಗವಿರಂಗಯ್ಯ ಹೆಗಲ ಟವೆಲ್ಲು ತೆಗೆದು ಮಡಿಸತೊಡಗಿದ.

ಆಗ ನಡುಬಾಗಿಲು ಸದ್ದಾಯಿತು. ಸೆರಗು ತಲೆಗೆ ಹೊದ್ದು ಅತ್ತೆ ಹೊರಗೆ ಬಂದರು. ಇಪ್ಪತ್ತಮೂರು ವರ್ಷ ಯಾವ ಬಾಗಿಲ ಹಿಂದೆ ನಿಂತಿದ್ದರೋ ಆ ಬಾಗಿಲು ದಾಟಿ, ಹೊಸ್ತಿಲು ದಾಟಿ, ಜಗಲಿ ಇಳಿದು ಚಪ್ಪರದ ಕೆಳಗೆ, ಅಳಿಯನ ಎದುರಿಗೆ, ಊರೆಲ್ಲ ನೋಡುತ್ತಿರುವಾಗ ಬಂದು ನಿಂತರು. ನಾನಂದುಕೊಂಡಿದ್ದಕ್ಕಿಂತ ಗಿಡ್ಡಗಿದ್ದರು. ನಡೆದು ಬಂದದ್ದಕ್ಕೋ ಏನೋ ಏದುಸಿರು ಬಿಡುತ್ತಿದ್ದರು. ಉಸಿರು ಸುಧಾರಿಸಿಕೊಂಡು ಕರೆದರು.

“ಅಳಿಮಯ್ಯ, ಬಾರಪ್ಪ.”

“ಬಂದೆ ಅತ್ತೆ,” ಎಂದು ನಾನು ಎದ್ದು ನಿಂತೆ. ತೊಡೆಯ ಮೇಲಿದ್ದ ರಿಜಿಸ್ಟರು ನೆಲಕ್ಕೆ ಬಿತ್ತು.

ಯಾರೋ ಒಬ್ಬರು ಕಿಸಕ್ಕನೆ ನಕ್ಕು ಸುಮ್ಮನಾದರು. ಅತ್ತೆ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರು ಬಂದ ಬಾಗಿಲಿನಿಂದಲೇ, ಅವರ ತಲೆಯ ಮೇಲಿಂದ, ಇಟ್ಟಿಗೆ ಬಣ್ಣದ ಹುಳವೊಂದು ತೇಲಿ ಬಂದು ದೀಪಕ್ಕೆ ಒಂದು ಸುತ್ತು ಹಾಕಿ ವನಜಳ ಭುಜದ ಮೇಲೆ ಕೂತಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಗವಿರಂಗಯ್ಯ ಮಡಿಸಿದ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

“ಬುಕ್ಕಿನಾಗೂ ಐತೆ, ಹುಳನೂ ಕುಂತೈತೆ,” ಎಂದ. “ತಾಳಿ ಕಟ್ಟಿಸ್ರಿ.”

ಮಾರನೆಯ ದಿನವೇ ಉಳಿದ ಆರು ಮನೆಯವರು ಬಂದರು. ಎಲ್ಲರಿಗೂ ಅದೇ ಹೆಸರು ಬೇಕು. ಅತ್ತೆ ಒಂದೊಂದು ಮನೆಗೂ ಹೋಗಿ ಚಪ್ಪರದಲ್ಲಿ ನಿಂತು ಕರೆದು ಬಂದರು, ಆರು ಮನೆಯಲ್ಲೂ ಹೋಳಿಗೆ ಊಟ ಮಾಡಿದರು. ನಾನು ಹಿಂದೆಯೇ ಬಣ್ಣದ ಪೆನ್ಸಿಲು ಹಿಡಿದು ಓಡಾಡಿದೆ. ಈಗ ಮೂರು ಕೇರಿಯ ಎಲಚಿ ಗಿಡದಲ್ಲೂ ಅಳಿಮಯ್ಯನ ಮರಿಗಳೇ. ಊರಿಗೆಲ್ಲ ಹುಳಕ್ಕೆ ಒಂದೇ ಹೆಸರಾಗಿದೆ ಎಂದು ರಾಜಧಾನಿಗೆ ವರದಿ ಬರೆದು ಹಾಕಿದೆ, ಆದೇಶ ಪಾಲಿಸಲಾಗಿದೆ ಎಂದು. ಯಾವ ಹೆಸರು ಎಂದು ತಿಳಿಸಲಿಲ್ಲ, ಅವರು ಮತ್ತೆ ಮೈಕು ಕಟ್ಟಿಸಿಯಾರು. ಇತ್ತ ನನಗೆ ಸಂಜೆ ಬೀದಿಯಲ್ಲಿ ನಡೆಯುವ ಹಾಗಿಲ್ಲ. ಯಾವ ಮನೆಯ ಮುಂದೆ ಹೋದರೂ ಅಳಿಮಯ್ಯ ಬಾ ಎನ್ನುತ್ತಾರೆ, ನಾನು ತಿರುಗಿ ನೋಡುತ್ತೇನೆ, ಅವರು ನಗುತ್ತಾರೆ. ಇದನ್ನು ಯಾವ ಕಲಮಿನಲ್ಲಿ ಬರೆಯಲಿ?

ನಿನ್ನೆ ಹಾಗೆಯೇ ರೇಗಿಕೊಂಡು ಮನೆಗೆ ಬಂದು ಜಗಲಿಯ ಮೇಲೆ ಕೂತೆ. ಕಂಬದ ಮೇಲೆ ತಡವಾಗಿ ಗೂಡೊಡೆದ ಒಂದು ಹುಳ ಕೂತಿತ್ತು. ಅತ್ತೆ ಒಳಗಿನಿಂದ ಬಂದು ಎದುರಿಗೆ ನಿಂತರು.

“ಉಂಡ್ಯಾ ಅಳಿಮಯ್ಯ?”

“ಯಾರನ್ನು ಕೇಳಿದ್ದು ಅತ್ತೆ, ನನ್ನನ್ನೋ ಹುಳವನ್ನೋ?” ಎಂದೆ.

“ಬಾಯಿರೋನ್ನ ಕೇಳ್ದೆ ಕಣಪ್ಪ,” ಎಂದರು.